ಚಳಿ ಅಂತ ಮಲಗುವ ಕೋಣೆಗೆ ಕೆಂಡ ತರಿಸಬೇಡಿ: ಕುದುರೆಮುಖದಲ್ಲಿ ನಮ್ಮ ಕುಟುಂಬಕ್ಕೆ ಆದದ್ದು

ಡಿಸೆಂಬರ್ ಬಂತು ಅಂದರೆ ಉಡುಪಿ, ಮಂಗಳೂರಿನ ಮನೆಗಳಲ್ಲಿ ಪ್ರವಾಸದ ಮಾತು ಶುರು. ಮುಂಬೈಯವರು ಊರಿಗೆ ಬಂದಿರುತ್ತಾರೆ, ಗಲ್ಫಿನವರಿಗೂ ರಜೆ ಸಿಕ್ಕಿರುತ್ತದೆ. ಎಲ್ಲರೂ ಸೇರಿ ಘಟ್ಟದ ಮೇಲೆ ಒಂದು ಹೋಂಸ್ಟೇ ಹಿಡಿಯುವುದು ಈಗ ಮಾಮೂಲು. ಹೋಗಿ, ಬೇಡ ಅನ್ನುವುದಿಲ್ಲ. ಆದರೆ ರಾತ್ರಿ ಚಳಿ ಜಾಸ್ತಿ ಅಂತ ಯಾರಾದರೂ ಕೆಂಡದ ತಟ್ಟೆ ಹಿಡಿದುಕೊಂಡು ನಿಮ್ಮ ಮಲಗುವ ಕೋಣೆಗೆ ಬಂದರೆ ಬಾಗಿಲಲ್ಲೇ ತಡೆಯಿರಿ. ಹೊಗೆ ಇಲ್ಲ ಅಂದರೂ ತಡೆಯಿರಿ. ಹೊಗೆ ಇಲ್ಲ ಅನ್ನುವ ಆ ಒಂದು ಮಾತಿನಿಂದಲೇ ನಮ್ಮ ಮನೆಯ ಹತ್ತಾರು ಜನ ಒಂದೇ ಕೋಣೆಯಲ್ಲಿ ಸಾಯುವುದಿತ್ತು.

ನಮ್ಮ ಕುಟುಂಬದ ಮನೆ ಉಡುಪಿ ಹತ್ತಿರ. ವರ್ಷಕ್ಕೊಮ್ಮೆ ನಾಗನಿಗೆ ತಂಬಿಲದ ಪೂಜೆ ಇರುವಾಗ ಎಲ್ಲರೂ ಸೇರುವುದು ವಾಡಿಕೆ. ಈ ಸಲ ತಂಬಿಲ ಮುಗಿಸಿ, ಎರಡು ರಾತ್ರಿ ಕುದುರೆಮುಖದಲ್ಲಿ ಒಟ್ಟಿಗೆ ಇದ್ದು ಬರುವ ಅಂತ ದೊಡ್ಡಪ್ಪನೇ ಹೇಳಿದರು. ಮೂವತ್ತಕ್ಕಿಂತ ಜಾಸ್ತಿ ಜನ. ತೊಟ್ಟಿಲ ಮಗುವಿನಿಂದ ಹಿಡಿದು ಎಂಬತ್ತು ದಾಟಿದ ಅಜ್ಜಿಯವರೆಗೆ. ಒಂದು ಟಿಟಿ (ಟೆಂಪೋ ಟ್ರಾವೆಲರ್), ಎರಡು ಮೂರು ಕಾರು. ಕಾರ್ಕಳ, ಬಜಗೋಳಿ, ಮಾಳ ದಾಟಿ ಘಟ್ಟ ಹತ್ತಿದೆವು. ಒಬ್ಬಿಬ್ಬರು ಮಕ್ಕಳು ದಾರಿಯಲ್ಲಿ ವಾಂತಿ ಮಾಡಿದರು. ಇದನ್ನು ಸುಮ್ನೆ ಹೇಳುತ್ತಿಲ್ಲ, ಮುಂದೆ ಬೇಕಾಗುತ್ತದೆ.

ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕಾಡು. ಸುಮಾರು 600 ಚದರ ಕಿಲೋಮೀಟರ್. ಒಳಗಿನ ರಸ್ತೆಯಲ್ಲಿ ಮನಸ್ಸು ಬಂದಲ್ಲಿ ಗಾಡಿ ನಿಲ್ಲಿಸುವಂತಿಲ್ಲ, ಅಂಗಡಿ ಇಲ್ಲ. ಕಬ್ಬಿಣದ ಅದಿರಿನ ಗಣಿ 2005ರ ಕೊನೆಗೆ ನಿಂತ ಮೇಲೆ ಕುದುರೆಮುಖ ಪೇಟೆಯೂ ಬಹುತೇಕ ಖಾಲಿ. ಹೋಂಸ್ಟೇಗಳು ಇರುವುದು ಕಾಡಿನ ಅಂಚಿನ ತೋಟಗಳಲ್ಲಿ, ಸಂಸೆ, ಕಳಸದ ಕಡೆ. ನಾವು ಹೋದ ಜಾಗಕ್ಕೆ ಟಿಟಿ ಹೋಗುವುದಿಲ್ಲ. ಅದನ್ನು ಕೆಳಗೆ ನಿಲ್ಲಿಸಿ, ಕೊನೆಯ ದಾರಿಯನ್ನು ಹೋಂಸ್ಟೇಯವರ ಜೀಪಿನಲ್ಲಿ ಹತ್ತಬೇಕು. ಹಗಲಿಗೆ ಅದೇ ಒಂದು ಖುಷಿ. ಮಕ್ಕಳು ಜೀಪಿನ ಹಿಂದೆ ನಿಂತು ಕೂಗಿದ್ದೇ ಕೂಗಿದ್ದು.

ಸಂಜೆಯಾಗುತ್ತಲೇ ಚಳಿ ಶುರುವಾಯಿತು. ಕರಾವಳಿಯವರಿಗೆ ಚಳಿ ಅಂದರೆ ಫ್ಯಾನ್ ಒಂದು ನಂಬರ್ ಕಡಿಮೆ ಮಾಡುವುದು, ಅಷ್ಟೇ ಅಲ್ವಾ? ಅಲ್ಲಿ ರಾತ್ರಿ ಉಸಿರು ಬಿಟ್ಟರೆ ಬಾಯಿಂದ ಆವಿ ಬರುತ್ತಿತ್ತು. ಅಂಗಳದಲ್ಲಿ ಕ್ಯಾಂಪ್ ಫೈರ್ ಹಾಕಿದರು, ಪಕ್ಕದಲ್ಲಿ ಇದ್ದಿಲಿನ ಮೇಲೆ ಕೋಳಿ ಸುಟ್ಟರು. ಮಾವ ಹಳೆಯ ಕಥೆಗಳನ್ನು ತೆಗೆದರು. ದೊಡ್ಡಮ್ಮ ಮನೆಯಿಂದಲೇ ಬಂಗುಡೆ ಮೀನಿನ ಪುಳಿಮುಂಚಿ ಮಾಡಿ ಡಬ್ಬಿಯಲ್ಲಿ ತಂದಿದ್ದರು. ಅಲ್ಲಿಯ ಅಕ್ಕಿ ರೊಟ್ಟಿಗೆ ಅದನ್ನು ಹಾಕಿಕೊಂಡು ಎಲ್ಲರೂ ಹೊಟ್ಟೆ ತುಂಬಾ ಉಂಡೆವು. ನಿಜವಾಗಿ ಒಳ್ಳೆಯ ಸಂಜೆ ಅದು.

ಮಲಗುವ ವ್ಯವಸ್ಥೆ ಹೀಗಿತ್ತು. ವಯಸ್ಸಾದವರು, ಹೆಂಗಸರು, ಮಕ್ಕಳು ದೊಡ್ಡ ಹಾಲ್‌ನಲ್ಲಿ ಸಾಲಾಗಿ ಹಾಸಿಗೆ ಹಾಕಿ ಮಲಗುವುದು. ಹುಡುಗರು ಜಗಲಿಯಲ್ಲಿ. ಉಳಿದವರು ಪಕ್ಕದ ಎರಡು ಸಣ್ಣ ಕೋಣೆಗಳಲ್ಲಿ. ಹೊದಿಕೆ ಸಾಕಾಗಲಿಲ್ಲ. ಇಷ್ಟು ಜನ ಬರುತ್ತೇವೆ ಅಂತ ತಿಂಗಳ ಮೊದಲೇ ಹೇಳಿದ್ದರೂ ರಜಾಯಿ ಅರ್ಧ ಜನಕ್ಕೂ ಇರಲಿಲ್ಲ. ಕೇಳಿದ್ದಕ್ಕೆ ಕೆಲಸದವನು ಕೋಳಿ ಸುಟ್ಟ ಕಬ್ಬಿಣದ ತಟ್ಟೆಯನ್ನೇ ಕೆಂಡದ ಸಮೇತ ತಂದು ಹಾಲ್‌ನ ಮೂಲೆಯಲ್ಲಿಟ್ಟ. "ಹೊಗೆ ಇಲ್ಲ ಅಮ್ಮ, ಏನೂ ಆಗಲ್ಲ. ಬೆಳಿಗ್ಗೆವರೆಗೂ ಬೆಚ್ಚಗಿರುತ್ತೆ" ಅಂದ. ಗಾಜಿನ ಕಿಟಕಿ ಎಳೆದು, ಬಾಗಿಲ ಕೆಳಗಿನ ಸಂದಿಗೆ ಗೋಣಿಚೀಲ ತುರುಕಿ ಹೋದ. ಅಜ್ಜಿಗೆ ತುಂಬಾ ಸಮಾಧಾನವಾಯಿತು.

ನಾನು ಪಕ್ಕದ ಕೋಣೆಯಲ್ಲಿದ್ದೆ. ಮಧ್ಯರಾತ್ರಿ ಕಳೆದ ಮೇಲೆ ಏನೋ ಧಡ್ ಅಂತ ಬಿದ್ದ ಸದ್ದಾಯಿತು. ಅಣ್ಣನ ಮಗ ಮೂತ್ರಕ್ಕೆ ಎದ್ದವನು ಹಾಲ್‌ನ ಬಾಗಿಲ ಹತ್ತಿರ ಕುಸಿದು ಬಿದ್ದಿದ್ದ. ಎಬ್ಬಿಸಿದರೆ ಕಾಲು ನಿಲ್ಲುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ಒಳಗೆ ಚಿಕ್ಕಮ್ಮ ತಲೆ ಹಿಡಿದುಕೊಂಡು ಕೂತಿದ್ದರು. ಇಬ್ಬರು ಮಕ್ಕಳು ಹಾಸಿಗೆಯಲ್ಲೇ ವಾಂತಿ ಮಾಡಿದ್ದರು. ಅಜ್ಜಿಯನ್ನು ಕರೆದರೆ ಹ್ಞೂಂ ಅನ್ನುತ್ತಿದ್ದರು, ಕಣ್ಣು ಬಿಡುತ್ತಿರಲಿಲ್ಲ.

ಆಗ ಎಲ್ಲರ ಬಾಯಲ್ಲೂ ಬಂದದ್ದು ಬಂಗುಡೆ. ಮೀನು ಹಾಳಾಗಿರಬೇಕು, ಘಟ್ಟ ಹತ್ತುವಾಗ ಡಬ್ಬಿ ಬಿಸಿಲಿನಲ್ಲಿತ್ತು, ಹೀಗೆ. ದೊಡ್ಡಮ್ಮನಿಗೂ ತಲೆ ಸುತ್ತುತ್ತಿತ್ತು. ಆದರೂ ಅವರು ಅಳುತ್ತಾ ಎಲ್ಲರ ಹತ್ತಿರ ಕ್ಷಮೆ ಕೇಳುತ್ತಿದ್ದರು. ಇನ್ನು ಕೆಲವರು ಘಟ್ಟದ ತಿರುವಿನ ವಾಂತಿ, ನಿಂಬೆ ಶರಬತ್ತು ಕೊಟ್ಟು ಮಲಗಿಸಿ ಅಂದರು. ಹಾಗೆ ಮಾಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ನಮ್ಮನ್ನು ಉಳಿಸಿದ್ದು ಚಿಕ್ಕಮ್ಮನ ಮಗಳು. ಮಂಗಳೂರಿನಲ್ಲಿ ನರ್ಸ್ ಆಗಿದ್ದಾಳೆ. ಅವಳು ಬಂದವಳೇ ಕೇಳಿದ್ದು ಒಂದೇ ಪ್ರಶ್ನೆ: "ಅತ್ತೆ ಮೀನು ತಿಂದಿದ್ದಾರಾ?" ಅಂದು ಸೋಮವಾರ. ಅತ್ತೆ ಸೋಮವಾರ ಮೀನು, ಕೋಳಿ ಮುಟ್ಟುವುದಿಲ್ಲ. ಅವರಿಗೂ ತಲೆ ಸಿಡಿಯುತ್ತಿತ್ತು. ಜಗಲಿಯಲ್ಲಿ ಮಲಗಿದ್ದ ಹುಡುಗರು ಎಲ್ಲರಿಗಿಂತ ಜಾಸ್ತಿ ಮೀನು ತಿಂದವರು, ಅವರಿಗೆ ಏನೂ ಆಗಿರಲಿಲ್ಲ. ಅವಳ ಕಣ್ಣು ಮೂಲೆಯ ತಟ್ಟೆಗೆ ಹೋಯಿತು. "ಕಿಟಕಿ ತೆಗೆಯಿರಿ ಅಕ್ಕ, ಎಲ್ಲಾ ತೆಗೆಯಿರಿ. ಒಬ್ಬರೂ ಒಳಗೆ ಇರುವುದು ಬೇಡ" ಅಂತ ಕಿರುಚಿದಳು. ಅಜ್ಜಿಯನ್ನು ಹಾಸಿಗೆ ಸಮೇತ ಎತ್ತಿ ಅಂಗಳಕ್ಕೆ ತಂದೆವು. ಹುಡುಗರು ಒದ್ದೆ ಗೋಣಿ ಹಿಡಿದು ತಟ್ಟೆಯನ್ನು ಹೊರಗೆ ಎಸೆದರು.

ಅದು ಕಾರ್ಬನ್ ಮೊನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಕಟ್ಟಿಗೆ ಹೊಗೆ ಬಂದರೆ ನಾವು ತಾನಾಗಿ ಎದ್ದು ಹೊರಗೆ ಓಡುತ್ತೇವೆ. ಇದ್ದಿಲ ಕೆಂಡದಲ್ಲಿ ಹೊಗೆ ಇಲ್ಲದ ಕಾರಣ ಯಾರೂ ಏಳುವುದಿಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಇದೆಯಲ್ಲ, ಅದಕ್ಕೆ ಈ ಅನಿಲ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಉಸಿರಾಟ ನಡೆಯುತ್ತಿರುತ್ತದೆ, ಆದರೆ ಮಿದುಳಿಗೆ, ಹೃದಯಕ್ಕೆ ಆಮ್ಲಜನಕ ಹೋಗುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಗಾಳಿ ಕಡಿಮೆಯಾದಷ್ಟೂ ಕೆಂಡ ಸರಿಯಾಗಿ ಉರಿಯುವುದಿಲ್ಲ. ಸರಿಯಾಗಿ ಉರಿಯದಷ್ಟೂ ಈ ವಿಷ ಜಾಸ್ತಿ ಬರುತ್ತದೆ. ಮೇಲೆ ಬೂದಿ ಕೂತು ಆರಿದ ಹಾಗೆ ಕಂಡರೂ ಒಳಗೆ ಕೆಲಸ ನಡೆಯುತ್ತಲೇ ಇರುತ್ತದೆ.

ನಮ್ಮ ಹಿರಿಯರು ಕೆಂಡ ಇಡುತ್ತಿರಲಿಲ್ಲವಾ ಅಂತ ಹಲವರು ಕೇಳಿದರು. ಇಡುತ್ತಿದ್ದರು. ಬಾಣಂತಿ ಕೋಣೆಗೆ, ಮಗುವಿಗೆ ಧೂಪ ಹಾಕಲು, ಮಳೆಗಾಲದಲ್ಲಿ ಬಟ್ಟೆ ಒಣಗಿಸಲು. ಆದರೆ ಅವು ಹೆಂಚಿನ ಮನೆಗಳು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಕಡೆ ಊರೂರಿಗೂ ಹಬ್ಬಿದ ಮಾಡು ಅದು. ಹೆಂಚಿನ ಸಂದಿಯಲ್ಲಿ ಗಾಳಿ ಮೇಲೆ ಹೋಗುತ್ತದೆ. ಮರದ ಕಿಟಕಿ ಪೂರ್ತಿ ಮುಚ್ಚುವುದೂ ಇಲ್ಲ. ಅಲ್ಲಿಯೂ ಪೂರ್ತಿ ಸುರಕ್ಷಿತ ಅಂತ ನಾನು ಹೇಳುವುದಿಲ್ಲ. ಈಗಿನ ಹೋಂಸ್ಟೇ ಹಾಲ್ ಹಾಗಲ್ಲ. ಸ್ಲ್ಯಾಬ್ ಹಾಕಿದ ಮಾಡು, ಎಳೆಯುವ ಗಾಜಿನ ಕಿಟಕಿ, ಮೇಲಿಂದ ಬಾಗಿಲಿಗೆ ಗೋಣಿ. ಅಜ್ಜಿ ಕಾಲದ ಅಭ್ಯಾಸವನ್ನು ಈ ಕೋಣೆಗೆ ತಂದರೆ ಅದು ಬೇರೆಯೇ ವಸ್ತು ಆಗುತ್ತದೆ.

ಹೊರಗೆ ತಂದ ಮೇಲಿನ ಹೊತ್ತು ಇನ್ನೂ ಕಷ್ಟದ್ದು. ಫೋನಿಗೆ ಸಿಗ್ನಲ್ ಇಲ್ಲ. ಕರೆಂಟ್ ಹೋಗಿದ್ದರಿಂದ ಹೋಂಸ್ಟೇಯ ವೈಫೈ ಕೂಡ ಇಲ್ಲ. ನಮ್ಮ ಗಾಡಿಗಳೆಲ್ಲ ಕೆಳಗೆ. ಜೀಪಿನ ಡ್ರೈವರ್ ರಾತ್ರಿ ತನ್ನ ಮನೆಗೆ ಹೋಗಿದ್ದ. ಒಬ್ಬ ಹುಡುಗ ಟಾರ್ಚ್ ಹಿಡಿದು ಗುಡ್ಡದ ಮೇಲಿನ ಸಿಗ್ನಲ್ ಸಿಗುವ ಜಾಗಕ್ಕೆ ಓಡಿ 108ಕ್ಕೆ ಫೋನ್ ಮಾಡಿದ. ಕೊನೆಗೆ ಮಾಲಕರ ಪಿಕಪ್‌ನಲ್ಲಿ ಹಾಸಿಗೆ ಹಾಕಿ ಅಜ್ಜಿಯನ್ನು, ಮಕ್ಕಳನ್ನು, ಬಸುರಿಯಾಗಿದ್ದ ಅತ್ತಿಗೆಯನ್ನು ಕೆಳಗೆ ಇಳಿಸಿದೆವು. ಹತ್ತಿರದ ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿ ಆಮ್ಲಜನಕ ಕೊಟ್ಟರು. ಬೆಳಗಾಗುವಾಗ ಅಜ್ಜಿ ಮತ್ತು ಅತ್ತಿಗೆಯನ್ನು ಆಂಬುಲೆನ್ಸ್‌ನಲ್ಲಿ ಮಣಿಪಾಲಕ್ಕೆ ಕರೆದುಕೊಂಡು ಹೋದೆವು.

ಬೆರಳಿಗೆ ಹಾಕುವ ಆಕ್ಸಿಮೀಟರ್ ನಮ್ಮ ಮಾವನ ಬ್ಯಾಗಿನಲ್ಲಿತ್ತು, ಕೋವಿಡ್ ಕಾಲದ್ದು. ಅಂಗಳದಲ್ಲಿ ಅಜ್ಜಿಯ ಬೆರಳಿಗೆ ಹಾಕಿದರೆ 98 ತೋರಿಸಿತು. ಕೆಲವರು ಉಸ್ಸಪ್ಪ ಅಂದರು. ನರ್ಸ್ ತಂಗಿ ಅದನ್ನು ಕಿತ್ತು ಪಕ್ಕಕ್ಕೆ ಇಟ್ಟಳು. ಆ ಯಂತ್ರಕ್ಕೆ ಆಮ್ಲಜನಕ ಅಂಟಿದ ಹಿಮೋಗ್ಲೋಬಿನ್ ಯಾವುದು, ಕಾರ್ಬನ್ ಮೊನಾಕ್ಸೈಡ್ ಅಂಟಿದ್ದು ಯಾವುದು ಅಂತ ಬೇರೆ ಮಾಡಲು ಬರುವುದಿಲ್ಲ. ಸಾಯುತ್ತಿರುವವರಿಗೂ ಒಳ್ಳೆಯ ನಂಬರ್ ತೋರಿಸಬಹುದು. ಇದು ಗೊತ್ತಿರುವವರು ತುಂಬಾ ಕಡಿಮೆ. ದಯವಿಟ್ಟು ಮನೆಯಲ್ಲಿ ಹೇಳಿ. ರಕ್ತ ಪರೀಕ್ಷೆ ಮಾಡಿದರೆ ಮಾತ್ರ ಗೊತ್ತಾಗುವುದು.

ಹೊರಗಿನ ಗಾಳಿಗೆ ಬಂದರೆ ಸಾಕು, ತಲೆನೋವು ಕಡಿಮೆಯಾಯಿತು, ಇನ್ನು ಮಲಗುವ ಅನ್ನುವುದೂ ತಪ್ಪು. ಬರೀ ಗಾಳಿಯಲ್ಲಿ ರಕ್ತದಲ್ಲಿರುವ ವಿಷ ಅರ್ಧ ಆಗಲಿಕ್ಕೇ ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ. ಹೊಟ್ಟೆಯಲ್ಲಿರುವ ಮಗುವಿನ ರಕ್ತದಿಂದ ಅದು ಇನ್ನೂ ನಿಧಾನವಾಗಿ ಹೋಗುತ್ತದೆ. ಅತ್ತಿಗೆ ತನಗೆ ಏನೂ ಆಗಿಲ್ಲ ಅಂದರೂ ಡಾಕ್ಟರು ಜಾಸ್ತಿ ಹೊತ್ತು ಮಾಸ್ಕ್ ಇಟ್ಟದ್ದು ಅದಕ್ಕೆ. ಈಗ ಎಲ್ಲರೂ ಆರಾಮ ಇದ್ದಾರೆ. ಆದರೆ ಕೆಲವರಿಗೆ ದಿನಗಳು, ವಾರಗಳು ಕಳೆದ ಮೇಲೆ ಮರೆವು, ನಡಿಗೆಯಲ್ಲಿ ತೊಂದರೆ ಬರಬಹುದು, ಗಮನ ಇಡಿ ಅಂದಿದ್ದಾರೆ. ಅಜ್ಜಿ ಒಂದು ಹೆಸರು ಮರೆತರೂ ನಮ್ಮ ಎದೆ ಧಸಕ್ ಅನ್ನುತ್ತದೆ.

ಮಾಲಕರು ಹೇಳಿದ್ದು, "ನಾವು ಯಾವಾಗಲೂ ಹೀಗೇ ಕೊಡುವುದು, ಇಷ್ಟರವರೆಗೆ ಯಾರಿಗೂ ಏನೂ ಆಗಿಲ್ಲ." ಈ ಮಾತು ಕೇಳಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ದುಡ್ಡು ತೆಗೆದುಕೊಂಡು ಜನರನ್ನು ಮಲಗಿಸುವವರು ಇದನ್ನು ತಿಳಿದುಕೊಂಡಿರಲೇಬೇಕು. ಎಷ್ಟು ಜನಕ್ಕೆ ಬೆಳಿಗ್ಗೆ ತಲೆನೋವು ಬಂದು, ಘಟ್ಟದ ಚಳಿಗೆ ಆಗಿದ್ದು ಅಂತ ಮಾತ್ರೆ ನುಂಗಿ ಹೋಗಿರಬಹುದು, ಯಾರಿಗೆ ಗೊತ್ತು?

ಹಾಗಾಗಿ ಬುಕ್ ಮಾಡುವ ಮೊದಲೇ ಫೋನಿನಲ್ಲಿ ಕೇಳಿ. ತಲೆಗೊಂದು ರಜಾಯಿ ಇದೆಯಾ, ಹತ್ತಿರದ ಆಸ್ಪತ್ರೆ ಎಷ್ಟು ದೂರ, ರಾತ್ರಿ ಒಂದು ಗಾಡಿ ಮತ್ತು ಡ್ರೈವರ್ ಅಲ್ಲೇ ಇರುತ್ತಾರಾ, ಯಾವ ಸಿಮ್‌ಗೆ ಸಿಗ್ನಲ್ ಬರುತ್ತದೆ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ ಅಂತಲೂ ಕೇಳಿ. ಊಟದ ಮೆನು ಕೇಳುವಷ್ಟು ಹೊತ್ತು ಇದಕ್ಕೆ ಸಾಕು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಅಂತ ಬ್ಯಾಟರಿಯ ಸಣ್ಣ ಯಂತ್ರ ಆನ್‌ಲೈನ್‌ನಲ್ಲಿ ಸಿಗುತ್ತದೆ. ನಾವು ಈಗ ಒಂದು ತಂದಿಟ್ಟಿದ್ದೇವೆ. ಅದು ಇದೆ ಅಂತ ಕೆಂಡ ಇಡುವುದಲ್ಲ, ಮತ್ತೆ.

ಚಳಿಗೆ ಬೇರೆ ದಾರಿ ಇದೆ. ಚಳಿ ಅರ್ಧ ಬರುವುದು ನೆಲದಿಂದ. ಹಾಸಿಗೆ ಅಡಿಗೆ ದಪ್ಪ ಚಾಪೆ, ಕಂಬಳಿ ಹಾಕಿ. ವಯಸ್ಸಾದವರಿಗೆ ಸಾಕ್ಸ್, ಮಂಕಿ ಕ್ಯಾಪ್, ಒಂದರ ಮೇಲೊಂದು ಅಂಗಿ. ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಕಾಲ ಬುಡದಲ್ಲಿ ಇಡಿ. ಬೆಂಕಿ ಬೇಕಾದರೆ ಅಂಗಳದಲ್ಲಿ ಕಾಯಿಸಿ, ಮಲಗುವ ಮೊದಲು ನೀರು ಹಾಕಿ ಆರಿಸಿ.

ಇದೇ ವಿಷ ಬೇರೆ ಕಡೆಯೂ ಬರುತ್ತದೆ. ಗಾಳಿ ಆಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ ಬಾಗಿಲು ಹಾಕಿ ಸ್ನಾನ ಮಾಡುವುದು, ಕರೆಂಟ್ ಹೋದಾಗ ಜಗಲಿಯಲ್ಲೇ ಜನರೇಟರ್ ಓಡಿಸುವುದು, ನಿಂತ ಕಾರಿನಲ್ಲಿ ಎಂಜಿನ್ ಚಾಲೂ ಇಟ್ಟು ಗಾಜು ಏರಿಸಿ ನಿದ್ದೆ ಮಾಡುವುದು. ಮಂಗಳೂರಿನ ಫ್ಲಾಟ್‌ಗಳಲ್ಲಿ ಇರುವವರು ಗೀಸರ್ ವಿಷಯವನ್ನು ಇವತ್ತೇ ನೋಡಿ. ಗೀಸರ್ ಬಚ್ಚಲಿನ ಹೊರಗಿರಲಿ, ಅದರ ಹೊಗೆ ಹೊರಗೆ ಹೋಗಲು ದಾರಿ ಇರಲಿ.

ಒಂದೇ ಕೋಣೆಯಲ್ಲಿ ಮಲಗಿದ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು, ವಾಂತಿ, ತಲೆಸುತ್ತು ಬಂದರೆ ಊಟದ ಚರ್ಚೆ ಆಮೇಲೆ ಮಾಡಿ. ಮೊದಲು ಎಲ್ಲರನ್ನೂ ಹೊರಗೆ ತನ್ನಿ. ನಿದ್ದೆಯಲ್ಲಿದ್ದಾರೆ ಅಂತ ಮಕ್ಕಳನ್ನು ಬಿಡಬೇಡಿ, ಎಬ್ಬಿಸಿಯೇ ತನ್ನಿ. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಗೆ ಹೋದ ಕೂಡಲೇ "ಮುಚ್ಚಿದ ಕೋಣೆಯಲ್ಲಿ ಕೆಂಡ ಇತ್ತು" ಅಂತ ಮೊದಲ ಮಾತಾಗಿ ಹೇಳಿ. ಅದನ್ನು ಹೇಳದಿದ್ದರೆ ಅವರೂ ನಮ್ಮ ಹಾಗೆ ಬಂಗುಡೆಯ ಬಗ್ಗೆಯೇ ಕೇಳುತ್ತಾ ಕೂರಬಹುದು.