“ಕೈಯಲ್ಲೇ ನೂತ ಅಪ್ಪಟ ಮೆರಿನೋ” ಅಂದರೆ ಮೊದಲು ಒಂದೆಳೆ ಸುಟ್ಟು ನೋಡಿ

ಬರೆಯಲೋ ಬೇಡವೋ ಅಂತ ಎರಡು ವಾರ ಸುಮ್ಮನಿದ್ದೆ. ಸಿಟ್ಟಿಗಿಂತ ನಾಚಿಕೆ ಜಾಸ್ತಿ. ನಾನೇನು ಹೊಸಬಳಲ್ಲ. 11 ವರ್ಷದಿಂದ ಹೆಣೆಯುತ್ತಿದ್ದೇನೆ, 5 ವರ್ಷದಿಂದ ತಕಲಿಯಲ್ಲಿ ನೂಲುತ್ತಿದ್ದೇನೆ. ಉಣ್ಣೆ ಮುಟ್ಟಿದರೆ ಸಾಕು, ಅಸಲಿಯೋ ನಕಲಿಯೋ ಗೊತ್ತಾಗುತ್ತೆ ಅಂತ ಬೇರೆಯವರಿಗೆ ಪಾಠ ಹೇಳಿದವಳೂ ನಾನೇ. ಅಂಥವಳು 7 ಲಡಿ (ನೂಲಿನ ಸುರುಳಿ) ಅಕ್ರಿಲಿಕ್ಕನ್ನು, ಅಂದರೆ ಪ್ಲಾಸ್ಟಿಕ್ಕಿನಂಥ ಕೃತಕ ನೂಲನ್ನು, ಮೆರಿನೋ ಕುರಿಯ ನಯವಾದ ಉಣ್ಣೆ ಅಂತ ನಂಬಿ, ಮಾಮೂಲಿ ಉಣ್ಣೆಯ ಮೂರು ಪಟ್ಟು ದುಡ್ಡು ಕೊಟ್ಟು ತಂದಿದ್ದೇನೆ. ಅದೂ ಪೂರ್ತಿ ದುಡ್ಡು ಮೊದಲೇ ಹಾಕಿ.

ಅಕ್ಕನಿಗೊಂದು ಸ್ವೆಟರ್ ಹೆಣೆಯಬೇಕಿತ್ತು. ನಾನೇ ನೂಲೋಣ ಅಂದರೆ ಈ ಜನ್ಮದಲ್ಲಿ ಮುಗಿಯಲ್ಲ. ಹಾಗಾಗಿ ಆನ್‌ಲೈನಿನಲ್ಲಿ ಹುಡುಕಿದೆ. ಚರಕದ ಮುಂದೆ ಕೂತ ಎರಡು ಕೈಗಳ ವಿಡಿಯೋ ಕಣ್ಣಿಗೆ ಬಿತ್ತು. ಅದರ ಕೆಳಗೆ ಹೀಗೆ ಬರೆದಿತ್ತು: “ಅಪ್ಪಟ ಮೆರಿನೋ. ಮೂರೆಳೆ. ಬಣ್ಣ ಹಾಕಿಲ್ಲ, ಕುರಿಯ ಸಹಜ ಬೂದು. ಕುರಿಯ ಮೈಯಿಂದ ನೇರ ಚರಕಕ್ಕೆ, ಒಂದು ಕೆಮಿಕಲ್ಲೂ ತಾಗಿಲ್ಲ.” ಈ ಮಾತುಗಳನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತೆ.

ದುಡ್ಡು ಹಾಕಿದೆ. “ನಿಮಗೋಸ್ಕರಾನೇ ನೂಲ್ತೀವಿ ಮೇಡಂ” ಅಂದರು. ಐದೇ ದಿನಕ್ಕೆ ಪಾರ್ಸೆಲ್ ಬಂತು! ನಾನು ಖುಷಿಪಟ್ಟೆ. ಖುಷಿಪಟ್ಟೆ ಅಂತ ಬರೆಯೋಕೇ ಈಗ ಮೈ ಉರಿಯುತ್ತೆ. 100 ಗ್ರಾಂ ಲಡಿಯಲ್ಲಿ 200 ಮೀಟರ್ ಅಂದಿದ್ದರು. ಮೂರೆಳೆ ಅಂದಮೇಲೆ ಒಂದು ಲಡಿಗೆ 600 ಮೀಟರ್ ಒಂಟಿ ಎಳೆ ನೂಲಬೇಕು. ಏಳು ಲಡಿಗೆ 4200 ಮೀಟರ್. ಆಮೇಲೆ ಮೂರನ್ನೂ ಸೇರಿಸಿ ಹುರಿ ಹಾಕಬೇಕು, ತೊಳೀಬೇಕು, ಒಣಗಿಸಬೇಕು, ಪಾರ್ಸೆಲ್ ದಾರಿಯಲ್ಲೂ ಎರಡು ದಿನ. ಇದೆಲ್ಲ ಐದು ದಿನದಲ್ಲಿ? ತಕಲಿ ಹಿಡಿದವಳಿಗೆ ಈ ಲೆಕ್ಕ ಹೊಳೀಬೇಕಿತ್ತು ಅಲ್ವಾ? ಹೊಳೆಯಲಿಲ್ಲ.

ಸುಳಿವು ಅದೊಂದೇ ಅಲ್ಲ. ನೂಲು ಎಲ್ಲಿ ನೋಡಿದರೂ ಒಂದೇ ದಪ್ಪ. “ಎಂಥ ಪಳಗಿದ ಕೈ!” ಅಂದುಕೊಂಡೆ. ನೆನೆಸಿದಾಗ ಒದ್ದೆ ಕುರಿಯ ವಾಸನೆ ಬರಲಿಲ್ಲ. “ಚೆನ್ನಾಗಿ ತೊಳೆದಿದ್ದಾರೆ” ಅಂದುಕೊಂಡೆ. ಒಂದು ಗಂಟೆಯಲ್ಲಿ ಮುಕ್ಕಾಲು ಒಣಗಿತ್ತು. ಹೆಣೆಯುವಾಗ ಕಡ್ಡಿಯ ಮೇಲೆ ಕಿರ್ ಕಿರ್ ಅನ್ನುತ್ತಿತ್ತು. ಅದಕ್ಕೆ ಕಡ್ಡಿಯನ್ನೇ ಬೈದೆ. ಗೆಳತಿಗೆ ಬೇರೆ ಫೋಟೋ ಕಳಿಸಿದ್ದೆ, “ಕೈನೂಲು ಅಂದ್ರೆ ಹೀಗಿರಬೇಕು ನೋಡು” ಅಂತ.

ಎರಡನೇ ಲಡಿ ಮುಗಿದು ಮೂರನೇದಕ್ಕೆ ಜೋಡಿಸುವಾಗ ಬಣ್ಣ ಬಯಲಾಯಿತು. ಉಣ್ಣೆಗೆ ನಾನು ಗಂಟು ಹಾಕುವುದಿಲ್ಲ. ಎರಡೂ ತುದಿಯ ಹುರಿ ಬಿಚ್ಚಿ, ಸ್ವಲ್ಪ ತೆಳು ಮಾಡಿ, ಒಂದರ ಮೇಲೊಂದು ಇಟ್ಟು, ಎಂಜಲು ಹಚ್ಚಿ ಅಂಗೈಗಳ ನಡುವೆ ಉಜ್ಜುತ್ತೇನೆ. ಬಿಸಿಗೆ, ಒದ್ದೆಗೆ, ತಿಕ್ಕಾಟಕ್ಕೆ ಎಳೆಗಳು ಹೆಣೆದುಕೊಂಡು ಒಂದೇ ಆಗಿಬಿಡುತ್ತವೆ. ಅರ್ಧ ನಿಮಿಷದ ಕೆಲಸ. ಅವತ್ತು ಉಜ್ಜಿದೆ. ಎಳೆದರೆ ಸರಕ್ಕನೆ ಕಳಚಿತು. ಮತ್ತೆ ಉಜ್ಜಿದೆ. ಅಂಗೈ ಕೆಂಪಾಯಿತು, ಉರಿ ಹತ್ತಿತು. ಎಳೆದೆ. ಮತ್ತೆ ಸರಕ್. ತುದಿಗಳು ನುಣ್ಣಗೆ, ಹೊಳೆಯುತ್ತಾ, ನನ್ನನ್ನೇ ನೋಡುತ್ತಿದ್ದ ಹಾಗಿದ್ದವು. ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು. ಅಷ್ಟು ಹೊತ್ತಿಗೆ ಬೆನ್ನಿನ ಭಾಗ ಕಂಕುಳವರೆಗೂ ಹೆಣೆದಾಗಿತ್ತು.

ಮಾರಿದವರಿಗೆ ಮೆಸೇಜ್ ಹಾಕಿದೆ. ಉತ್ತರ ತಕ್ಷಣ ಬಂತು: “ಇದು ಸೂಪರ್‌ವಾಶ್ ಮೇಡಂ, ಅಂಟಿಕೊಳ್ಳಲ್ಲ. ಮೆಷಿನ್ನಲ್ಲೂ ತೊಳೀಬಹುದು, ಒಳ್ಳೇದೇ ಅಲ್ವಾ?”

ನಾನು ಇದನ್ನೂ ನಂಬಿದೆ! ಸೂಪರ್‌ವಾಶ್ ಅಂದರೆ ಮೆಷಿನ್ನಲ್ಲಿ ತೊಳೆದರೂ ಕುಗ್ಗದ ಹಾಗೆ ಹದ ಮಾಡಿದ ಉಣ್ಣೆ, ಅದು ಹಾಗೆ ಕೂಡಿಕೊಳ್ಳಲ್ಲ ಅನ್ನೋದು ನಿಜವೇ. “ಸಾರಿ, ಗೊತ್ತಾಗಲಿಲ್ಲ” ಅಂತ ನಾನೇ ಕ್ಷಮೆ ಕೇಳಿದೆ. ಅವರು ನಗುವ ಮುಖ ಕಳಿಸಿದರು. ರಾತ್ರಿ ಮಲಗಿದಾಗ ತಲೆಗೆ ಹೊಡೆಯಿತು. ಸೂಪರ್‌ವಾಶ್ ಮಾಡುವುದೇ ಸಾಮಾನ್ಯವಾಗಿ ಕ್ಲೋರಿನ್ ಹಾಕಿ. ಎಳೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುವಂತೆ ಮಾಡುವ, ಎಳೆಯ ಮೇಲಿನ ಸಣ್ಣ ಸಣ್ಣ ಹುರುಪೆಗಳನ್ನು ಸವೆಸಿ, ಮೇಲೊಂದು ತೆಳು ಲೇಪ ಕೊಡುತ್ತಾರೆ. “ಒಂದು ಕೆಮಿಕಲ್ಲೂ ತಾಗಿಲ್ಲ” ಅಂದಿದ್ದು ಯಾರು ಹಾಗಾದರೆ?

ಎದ್ದು ಅಡುಗೆಮನೆಗೆ ಹೋದೆ. ಬೆರಳುದ್ದ ನೂಲು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಬೆಂಕಿಕಡ್ಡಿ ಗೀರಿದೆ. ಉಣ್ಣೆಯಾದರೆ ಬೆಂಕಿಯಿಂದ ಮುದುಡಿಕೊಳ್ಳುತ್ತೆ, ಕೂದಲು ಸುಟ್ಟ ವಾಸನೆ ಬರುತ್ತೆ, ಬೆಂಕಿ ತೆಗೆದರೆ ತಾನೇ ಆರುತ್ತೆ, ಉಳಿದ ಕರಿಯನ್ನು ಹಿಸುಕಿದರೆ ಪುಡಿ. ಇದು ಕರಗಿತು. ಕಪ್ಪು ಹೊಗೆ ಬಿಟ್ಟುಕೊಂಡು ಉರಿಯುತ್ತಲೇ ಇತ್ತು. ಕೊನೆಗೆ ತಟ್ಟೆಯಲ್ಲಿ ಸಾಸಿವೆಯಷ್ಟು ಗಟ್ಟಿ ಕರಿ ಮಣಿ. ಆರಿದ ಮೇಲೆ ಉಗುರಲ್ಲಿ ಒತ್ತಿದೆ, ಒಡೆಯಲಿಲ್ಲ.

ಫೋಟೋ ಕಳಿಸಿದೆ. ಈ ಸಲ ಉತ್ತರಕ್ಕೆ ಒಂದು ದಿನ ಬೇಕಾಯಿತು. “ಬಣ್ಣದಲ್ಲಿರೋ ಕೆಮಿಕಲ್ ಕರಗಿ ಹಾಗೆ ಗಂಟಾಗುತ್ತೆ ಮೇಡಂ.”

“ಬಣ್ಣವೇ ಹಾಕಿಲ್ಲ, ಕುರಿಯದ್ದೇ ಬೂದು ಅಂದಿದ್ದಿರಲ್ಲ?”

ಓದಿದರು. ನೀಲಿ ಗುರುತು ಬಂತು. ಉತ್ತರ ಇಲ್ಲ. ಅದೇ ನೀಲಿ ಗುರುತನ್ನು ಎಷ್ಟು ಸಲ ತೆರೆದು ನೋಡಿದೆನೋ.

ಅಷ್ಟಕ್ಕೂ ನನ್ನದೇ ತಪ್ಪಿದ್ದರೆ ಅಂತ ಇನ್ನೊಂದು ಪರೀಕ್ಷೆ ಮಾಡಿದೆ. ಗಾಜಿನ ಬಟ್ಟಲಿಗೆ ಕ್ಲೋರಿನ್ ಬ್ಲೀಚ್ ಹಾಕಿ (ಕಿಟಕಿ ತೆಗೆದಿಟ್ಟು ಮಾಡಿ, ಮುಚ್ಚಿದ ಕೋಣೆಯಲ್ಲಿ ಬೇಡ) ನಾನು ನೂತ ಉಣ್ಣೆಯ ತುಂಡೊಂದು, ಅವರದ್ದೊಂದು ಬಿಟ್ಟೆ. ಬ್ಲೀಚಿನಲ್ಲಿ ಉಣ್ಣೆ ಕರಗಿಹೋಗುತ್ತೆ, ಸೂಪರ್‌ವಾಶ್ ಆದರೂ ಅಷ್ಟೇ. ಬೆಳಿಗ್ಗೆ ನೋಡಿದರೆ ನನ್ನದು ಮಾಯ. ಅವರದ್ದು ಸ್ನಾನ ಮುಗಿಸಿ ಬಂದವರ ಹಾಗೆ ಹಾಯಾಗಿ ಕೂತಿತ್ತು.

ದುಡ್ಡು ವಾಪಸ್ ಕೇಳಿದೆ. ಮೊದಲು “ಲಡಿ ಬಿಚ್ಚಿದ್ದೀರಿ, ವಾಪಸ್ ಇಲ್ಲ”. ಬಿಚ್ಚದ ನಾಲ್ಕು ಲಡಿಯನ್ನಾದರೂ ತಗೊಳ್ಳಿ ಅಂದೆ. ಅದಕ್ಕೆ ಬಂದ ಉತ್ತರವನ್ನು ಹಾಗೇ ಬರೆಯುತ್ತೇನೆ: “ನೀವು ನೂಲನ್ನು ಸುಟ್ಟಿದ್ದೀರಿ ಮೇಡಂ. ಸುಟ್ಟ ಮಾಲು ನಾವು ತಗೊಳ್ಳಲ್ಲ.” ಬೆರಳುದ್ದ ಸುಟ್ಟಿದ್ದು! ಇನ್ನೊಂದು ಮಾತಾಡುವಷ್ಟರಲ್ಲಿ ಬ್ಲಾಕ್ ಮಾಡಿದ್ದರು.

ಅಕ್ರಿಲಿಕ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮಗುವಿನ ಟೋಪಿಗೆ ನಾನೇ ಎಷ್ಟೋ ಸಲ ಬಳಸಿದ್ದೇನೆ, ತೊಳೆಯೋದು ಸುಲಭ. ಅಕ್ರಿಲಿಕ್ ಅಂತಲೇ ಹೇಳಿ, ಅಕ್ರಿಲಿಕ್ಕಿನ ಬೆಲೆಗೆ ಕೊಡಿ. ಅಷ್ಟೇ ತಾನೇ ಕೇಳಿದ್ದು?

ನೀವು ಕೊಳ್ಳೋದಾದರೆ ಮೊದಲು ಒಂದೇ ಲಡಿ ತರಿಸಿ, ಸುಟ್ಟು ನೋಡಿ. ಬೆರಕೆ ನೂಲಾದರೆ ಬೆಂಕಿ ಸ್ವಲ್ಪ ಗೊಂದಲ ಮಾಡುತ್ತೆ, ಆಗ ಬ್ಲೀಚಿನಲ್ಲಿ ಹಾಕಿ ಏನು ಉಳಿಯುತ್ತೆ ನೋಡಿ. ಅವರು ಬರೆದಿದ್ದೆಲ್ಲ ಮೊದಲ ದಿನವೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ನಾನು ತೆಗೆದಿರಲಿಲ್ಲ, ಈಗ ಅಲ್ಲಿ “ಅಪ್ಪಟ” ಅನ್ನೋ ಪದವೇ ಇಲ್ಲ. ವಿಡಿಯೋ ನೋಡಿ ಮರುಳಾಗಬೇಡಿ. ನಿನ್ನೆ ಗೆಳತಿಯ ಫೋನಿನಲ್ಲಿ ಅದೇ ವಿಡಿಯೋ ಮತ್ತೆ ನೋಡಿದೆ. ಆ ಕೈಗಳು ನೂಲುತ್ತಿರೋದು ಕಂದು ಬಣ್ಣದ ಒಂಟಿ ಎಳೆ. ಅವರು ಮಾರುವ ಪಟ್ಟಿಯಲ್ಲಿ ಕಂದು ಬಣ್ಣವೇ ಇಲ್ಲ.

ಕಂಕುಳವರೆಗೆ ಬಂದ ಆ ಬೆನ್ನು ಇನ್ನೂ ಕಡ್ಡಿಯಲ್ಲೇ ಇದೆ. ಬಿಚ್ಚಲು ಮನಸ್ಸಿಲ್ಲ, ಮುಗಿಸಲೂ ಮನಸ್ಸಿಲ್ಲ. ಅಕ್ಕ ನಿನ್ನೆ ಫೋನ್ ಮಾಡಿ “ತೋಳಿನ ಉದ್ದದ ಅಳತೆ ಬೇಕಿತ್ತಾ?” ಅಂತ ಕೇಳಿದಳು. ಇನ್ನೂ ಹೇಳಿಲ್ಲ.