ಹಳೇ ಫೋಟೋ, ಹಳೇ ಪೋಸ್ಟ್ ಕಾರ್ಡು ಸಿಗೋ ಅಂಗಡಿ: ಗೋಡೆ ಬಿಡಿ, ಡಬ್ಬ ಕೇಳಿ (5ಕ್ಕೆ 3.5)

ಅರಮನೆ, ದಸರಾ ಆನೆ, ಮಹಾರಾಜರ ಫೋಟೋ ಬೇಕು ಅನ್ನೋರಿಗೆ ಮೈಸೂರಿನ ಈ ಅಂಗಡಿ ವೇಸ್ಟು, ಸುಮ್ನೆ ದುಡ್ಡು ದಂಡ. ಗೋಡೆ ತುಂಬಾ ಫ್ರೇಮ್ ಹಾಕಿ ನೇತಾಕಿರೋದೆಲ್ಲ ಅವೇ, ಸುಮಾರು ಹೊಸ ಪ್ರಿಂಟು. ಭೂತಗನ್ನಡಿ ಹಿಡಿದು ನೋಡಿ, ಸಣ್ಣ ಸಣ್ಣ ಚುಕ್ಕಿ ಕಂಡ್ರೆ ಅಚ್ಚು ಹಾಕಿದ್ದು, ಡಾರ್ಕ್‌ರೂಮಲ್ಲಿ ತೊಳೆದ ಫೋಟೋಲಿ ಹಂಗೆ ಚುಕ್ಕಿ ಇರಲ್ಲ. ಕೇಳಿದ್ರೆ ಒರಿಜಿನಲ್ಲೇ ಸಾರ್ ಅಂತಾರೆ. ಅಲ್ಲಿಗೆ ಒಂದು ಸ್ಟಾರ್ ಕಟ್.

ಅಸಲಿ ಮಾಲು ಇರೋದು ಕೌಂಟರ್ ಕೆಳಗಿನ ರಟ್ಟಿನ ಡಬ್ಬದಲ್ಲಿ, ಕೇಳಿದ್ರೆ ಮಾತ್ರ ತೆಗೀತಾರೆ, ಅದೂ ಮುಖ ಸಿಂಡರಿಸ್ಕೊಂಡು. ತಿಪಟೂರು, ಅರಸೀಕೆರೆ, ಹುಣಸೂರು ಕಡೆ ಸ್ಟುಡಿಯೋಗಳ ಫೋಟೋ ರಾಶಿ. ಹೊಸಾ ಗಂಡ ಹೆಂಡ್ತಿ, ಆಕೆ ಕುರ್ಚಿ ಮೇಲೆ, ಈತ ಪಕ್ಕದಲ್ಲಿ ವಾಚು ಕಾಣೋ ಹಂಗೆ ಕೈ ಇಟ್ಕೊಂಡು ನಿಂತಿರೋದು, ಹಿಂದೆ ಪರದೆ ಮೇಲೆ ಬರೆದ ಬಂಗ್ಲೆ ಮೆಟ್ಟಿಲು, ಕಾಲಲ್ಲಿ ನೋಡಿದ್ರೆ ಹವಾಯಿ ಚಪ್ಪಲಿ. ಮೊಗ್ಗಿನ ಜಡೆ ಹಾಕಿಸ್ಕೊಂಡ ಹುಡುಗಿ, ಅಷ್ಟೊತ್ತು ಕೂತು ಹೆಣೆಸಿದ ಜಡೆ ಫೋಟೋಲಿ ಕಾಣ್ದೆ ಹೋದ್ರೆ ಹೆಂಗೆ ಅಂತ ಹಿಂದೆ ಕನ್ನಡಿ ಇಟ್ಟು ತೆಗೆದಿರೋದು. ಸಣ್ಣ ಚೌಕದವು ಕ್ಲಿಕ್ ಥ್ರೀ ಥರದ ಕ್ಯಾಮೆರಾದವು, ಒಂದು ರೋಲಿಗೆ ಹನ್ನೆರಡೇ ಫೋಟೋ, ಅದಕ್ಕೇ ಬಾವಿಕಟ್ಟೆ ಮುಂದೆ ನಿಂತೋರೂ ಡ್ರಿಲ್ ಮೇಷ್ಟ್ರು ಬಂದಂಗೆ ಅಟೆನ್ಷನ್!

ಕಾರ್ಡುಗಳು ಇನ್ನೂ ಚೆನ್ನಾಗಿವೆ. ಮಧ್ಯ ತೂತು ಇರೋದಕ್ಕೆ 20 ರೂಪಾಯಿ, ತೂತಿಲ್ದೆ ಇರೋದಕ್ಕೆ 100, ತೂತಿದ್ರೆ ಡ್ಯಾಮೇಜಂತೆ. ಅಯ್ಯೋ, ಬಂದ ಕಾಗದನೆಲ್ಲ ಕಂಬಿಗೆ ಚುಚ್ಚಿಡೋ ಕಾಲದಲ್ಲಿ ತೂತಿಲ್ದೆ ಇನ್ನೇನಿರುತ್ತೆ, ಯಾರೋ ಓದಿ, ಬೇಕು ಅಂತ ಇಟ್ಕೊಂಡಿದ್ರು ಅನ್ನೋಕೆ ಅದೇ ಗುರುತು. ತೂತಿರೋದನ್ನೇ ತಗೊಳ್ಳಿ. ಉಭಯ ಕುಶಲೋಪರಿ ಆದ್ಮೇಲೆ ಕೊಬ್ಬರಿ ರೇಟು, ಹಸು ಕರು ಹಾಕಿದ್ದು, ಮಗೂಗೆ ಜ್ವರ ಇಳಿದಿದ್ದು, ಜಾಗ ಸಾಲ್ದೆ ಅಂಚಲ್ಲೆಲ್ಲ ತಲೆಕೆಳಗಾಗಿ ಬರೆದು ಕೊನೆಗೆ ಅಡ್ರೆಸ್ ಪಕ್ಕಕ್ಕೂ ನುಗ್ಗಿರ್ತಾರೆ. ಮೂಲೇಲಿ ಅರಿಶಿನ ಇದ್ರೆ ಶುಭಕಾರ್ಯದ್ದು. ಮೇಲೆ ಶ್ರೀ ಇಲ್ದೆ ಇರೋವು ಸಿಗೋದು ಕಮ್ಮಿ, ಸಾವಿನ ಸುದ್ದಿ ಕಾರ್ಡು ಓದಿ ಹರಿದು ಹಾಕ್ತಿದ್ರು, ಮನೇಲಿ ಇಟ್ಕೊಳ್ತಿರ್ಲಿಲ್ಲ. ಅಂಚೆ ಮುದ್ರೆ ಅಳಿಸಿದ್ರೆ ಅಡ್ರೆಸ್ ನೋಡಿ: ಪಿನ್‌ಕೋಡ್ ಇದ್ರೆ 1972 ಆಗಸ್ಟ್ ಆದ್ಮೇಲಿಂದು, ಮೈಸೂರು ರಾಜ್ಯ ಅಂತ ಇದ್ರೆ ಹೆಚ್ಚುಕಮ್ಮಿ 1973 ನವೆಂಬರ್‌ಗಿಂತ ಹಿಂದಿಂದು. ಹಳಬರು ಆಮೇಲೂ ಅಭ್ಯಾಸಬಲದಲ್ಲಿ ಬರೀತಿದ್ರು ಬಿಡಿ.

ಇನ್ನರ್ಧ ಸ್ಟಾರ್ ಕಟ್ ಮಾಡಿದ್ದು ಇಡೋ ರೀತಿಗೆ. ಫೋಟೋ ಕಟ್ಟಿಗೆಲ್ಲ ರಬ್ಬರ್‌ಬ್ಯಾಂಡು, ರಬ್ಬರಲ್ಲಿರೋ ಗಂಧಕಕ್ಕೂ ಫೋಟೋ ಬೆಳ್ಳಿಗೂ ಆಗ್ಬರಲ್ಲ, ಕಲೆ ಬೀಳುತ್ತೆ. ಲ್ಯಾಮಿನೇಷನ್ ಫ್ರೀ ಅಂತಾರೆ, ದಯವಿಟ್ಟು ಬೇಡ ಅನ್ನಿ, ಒಂದ್ಸಲ ಅಂಟಿದ್ರೆ ಬಿಡ್ಸಕ್ಕಾಗಲ್ಲ. ಮನೆಯಿಂದ ಪೇಪರ್ ಕವರ್ ತಗೊಂಡು ಹೋಗಿ. ಕಾರ್ಡು ಸ್ಟೇಟಸ್‌ಗೆ ಹಾಕೋದಾದ್ರೆ ಹೆಸರು, ಡೋರ್ ನಂಬರ್ ಮುಚ್ಚಿ, ಅವರ ಮೊಮ್ಮಕ್ಕಳು ಅದೇ ಮನೇಲಿ ಇರಬಹುದು. ಬೇರೆಯವರ ಮನೆ ಕಾಗದ ಹಿಂಗೆ ತೂಕಕ್ಕೆ ಬಂದು ಬೀಳೋದು ಸರೀನಾ ಅಂತ ನಂಗೂ ಅನ್ಸುತ್ತೆ, ಆದ್ರೂ ಗುಜರಿಗಿಂತ ವಾಸಿ.

ಯುಪಿಐ ನಡೆಯುತ್ತೆ, ಹತ್ತು ಕಾರ್ಡು ಒಟ್ಟಿಗೆ ತಗೊಂಡ್ರೆ 150ಕ್ಕೆ ಕೇಳಿ, ಕೊಡ್ತಾರೆ.