ಟಿವಿ ಸತ್ತಿರಲಿಲ್ಲ, ಹಿಂದಿನ ದೀಪ ಆರಿತ್ತು

ನಮ್ಮ 9 ವರ್ಷದ 32 ಇಂಚಿನ ಎಲ್‌ಇಡಿ ಟಿವಿಯಲ್ಲಿ ಶಬ್ದ ಬರುತ್ತಿತ್ತು, ಚಿತ್ರವಿಲ್ಲ. ಮನೆಗೆ ಬಂದ ಮೆಕ್ಯಾನಿಕ್ 'ಪ್ಯಾನೆಲ್ ಹೋಗಿದೆ, ಹೊಸದು ತಗೊಳ್ಳಿ' ಅಂದ. ಮನಸ್ಸು ಒಪ್ಪಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಪುಟ್ಟ ಅಂಗಡಿಯೊಂದಕ್ಕೆ ಆಟೋದಲ್ಲಿ ಹೊತ್ತೊಯ್ದೆ.

ಅಲ್ಲಿನ ಯಜಮಾನರು ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದರು. "ಬಗ್ಗಿ ನೋಡಿ ಸಾರ್." ವಾರ್ತೆ ಓದುವವರ ಮುಖ ಮಸುಕಾಗಿ ಕಾಣಿಸಿತು! ಪ್ಯಾನೆಲ್ ಚೆನ್ನಾಗಿದೆ, ಅದಕ್ಕೆ ಹಿಂದಿನಿಂದ ಬೆಳಕು ಕೊಡೋ ಬ್ಯಾಕ್‌ಲೈಟ್ ಹೋಗಿದೆ, ಅಷ್ಟೇ. ಅದರ ಒಂದು ಪುಟ್ಟ ಎಲ್‌ಇಡಿ ದೀಪ ಸುಟ್ಟರೂ ಇಡೀ ಸಾಲು ಆರಬಹುದಂತೆ, ಹಬ್ಬದ ಸೀರಿಯಲ್ ಸೆಟ್ ಥರ.

ಮೂರೂ ಎಲ್‌ಇಡಿ ಪಟ್ಟಿ ಬದಲಿಸಿ 1,800 ರೂಪಾಯಿ ತಗೊಂಡರು. ಟಿವಿಯ ಸೆಟ್ಟಿಂಗ್‌ನಲ್ಲಿ ಬ್ಯಾಕ್‌ಲೈಟನ್ನು 100ರಿಂದ 60ಕ್ಕೆ ಇಳಿಸಿಕೊಟ್ಟರು, ಜಾಸ್ತಿ ದಿನ ಬಾಳಲಿ ಅಂತ. ನಾಳೆ ಅಂದವರು ಆರು ದಿನ ಓಡಾಡಿಸಿದ್ದೇ ಬೇಜಾರು. ಎಡಮೂಲೆಯಲ್ಲಿ ಬೆರಳಗಲ ಬೆಳಕು ಜಾಸ್ತಿಯಿದೆ. ಅಮ್ಮನಿಗೆ ಅದು ಕಾಣೋದೇ ಇಲ್ಲ.